ಕೋವಿಯ ಎಣ್ಣೆಕುಪ್ಪಿ

ಹೊಟ್ಟೆಪಾಡಿಗಾಗಿ ನಾನು ಕಾಸರಗೋಡಿನ ಕಡೆಯಿಂದ ತಿರುಪ್ಪೂರಿಗೆ ಬಂದದ್ದು 1988ರಲ್ಲಿ. ಆಗ ಅದಿನ್ನೂ ಕೊಯಮತ್ತೂರು ಜಿಲ್ಲೆಯ ಒಂದು ಪೇಟೆ; ಬೇರೆ ಜಿಲ್ಲೆಯಾದದ್ದು 2009ರಲ್ಲಿ. ಬನಿಯನ್ ಕಂಪೆನಿಯೊಂದರಲ್ಲಿ ಲೆಕ್ಕ ಬರೆಯುವ ಕೆಲಸ. ವಾರದ ಆರು ದಿನವೂ ನೂಲಿನ ತೂಕ, ಬಣ್ಣದ ಖರ್ಚು, ರವಾನೆಯ ಬಿಲ್ಲು. ಏಳನೆಯ ದಿನ ಏನು ಮಾಡುವುದೆಂದು ತಿಳಿಯದೆ ಬಸ್ಸು ಹತ್ತಿ ಕೊಯಮತ್ತೂರಿಗೆ ಹೋಗಿ ಉಕ್ಕಡದ ಹಳೆಯ ಸಾಮಾನಿನ ಅಂಗಡಿಗಳ ಮುಂದೆ ಅಲೆಯುತ್ತಿದ್ದೆ. ನಾವು ಗುಜರಿ ಅಂಗಡಿ ಎನ್ನುವುದನ್ನು ಅಲ್ಲಿಯವರು ‘ಕಾಯಲಾನ್ ಕಡೈ’ ಎನ್ನುತ್ತಾರೆ. ಮುರಿದ ಪಂಪು, ಹಳೆಯ ಮಗ್ಗದ ಹಲ್ಲುಚಕ್ರ, ತೂತುಬಿದ್ದ ಹಂಡೆ ಇವುಗಳ ರಾಶಿಯಲ್ಲಿ ಕೈಯಾಡಿಸುವುದೇ ನನ್ನ ಆದಿತ್ಯವಾರದ ವಿನೋದವಾಯಿತು.

ಒಂದು ದಿನ ಆ ರಾಶಿಯಲ್ಲಿ ಒಂದು ಪುಟ್ಟ ಹಿತ್ತಾಳೆಯ ಕುಪ್ಪಿ ಸಿಕ್ಕಿತು. ಬೆರಳಿನಷ್ಟು ಉದ್ದ, ಬೆರಳಿಗಿಂತ ಸ್ವಲ್ಪ ದಪ್ಪ. ತಿರುಪಿನ ಮುಚ್ಚಳ, ಮುಚ್ಚಳದ ಒಳಗಡೆ ಕುಪ್ಪಿಯೊಳಕ್ಕೆ ಇಳಿಯುವ ಒಂದು ಸಣ್ಣ ಚಮಚ. ಅತ್ತರಿನ ಕುಪ್ಪಿ ಇರಬಹುದೆಂದು ನಾನು, ಕಿವಿಗೆ ಮದ್ದು ಬಿಡುವ ಕುಪ್ಪಿ ಎಂದು ಅಂಗಡಿಯವನು. ಐದು ರೂಪಾಯಿಗೆ ವ್ಯಾಪಾರ ಮುಗಿಯಿತು.

ಮರುದಿನ ಕಂಪೆನಿಯ ಗೇಟಿನಲ್ಲಿ ನಮ್ಮ ಕಾವಲುಗಾರರಿಗೆ ಅದನ್ನು ತೋರಿಸಿದೆ. ಅವರು ಪಾಲಕ್ಕಾಡಿನ ಕಡೆಯವರು, ಮದ್ರಾಸ್ ರೆಜಿಮೆಂಟಿನಿಂದ ಹವಾಲ್ದಾರರಾಗಿ ನಿವೃತ್ತರಾದವರು. ಕುಪ್ಪಿಯನ್ನು ಕೈಗೆ ತೆಗೆದುಕೊಂಡವರೇ ನಕ್ಕುಬಿಟ್ಟರು. “ಇದ್ ತೋಕ್ಕಿಂಡೆ ಎಣ್ಣಕ್ಕುಪ್ಪಿಯಲ್ಲೇ ಸಾರೇ!” ಎಂದರು. ಕೋವಿಯ ಎಣ್ಣೆಕುಪ್ಪಿ! ನಮ್ಮ ಕೋವಿ, ಅವರ ತೋಕ್ಕ್, ಈ ಊರಿನ ತುಪ್ಪಾಕಿ. ಮೂರು ಭಾಷೆಯ ಜನರೂ ಹೆಗಲಿಗೇರಿಸಿದ್ದು ಮಾತ್ರ ಒಂದನ್ನೇ, ತ್ರೀ-ನಾಟ್-ತ್ರೀಯನ್ನು.

ಅಂದಿನಿಂದ ಶುರುವಾದ ಗೀಳು ಇದು. ಮೂವತ್ತು ವರ್ಷಕ್ಕೂ ಮೀರಿದ ಈ ಸಂಗ್ರಹದಲ್ಲಿ ನಾನು ಕಲಿತದ್ದೇನು, ಕೆಡಿಸಿದ್ದೇನು ಎಂಬುದನ್ನು ಗಡಿನಾಡಿನ ಓದುಗರ ಮುಂದೆ ಹೇಳಿಕೊಳ್ಳುವುದಕ್ಕಾಗಿ ಈ ಬರಹ.

ಕೋವಿಯ ಹೊಟ್ಟೆಯೊಳಗೆ

ಹವಾಲ್ದಾರರು ತಮ್ಮ ಕಾವಲು ಕೋಲನ್ನೇ ಕೋವಿ ಮಾಡಿಕೊಂಡು ನನಗೆ ಪಾಠ ಹೇಳಿದರು. ಬಾಗಿಲಿನ ಚಿಲಕವನ್ನು ಎತ್ತಿ, ಹಿಂದಕ್ಕೆಳೆದು, ಮುಂದಕ್ಕೆ ದೂಡಿ, ಕೆಳಗಿಳಿಸುವ ಹಾಗೆಯೇ ಈ ಕೋವಿಯ ಬೋಲ್ಟು. ಹಿಂದಕ್ಕೆಳೆದಾಗ ಸುಟ್ಟ ತೋಟೆಯ ಕೊಳವೆ ಹೊರಗೆ ಹಾರುತ್ತದೆ. ಮುಂದಕ್ಕೆ ದೂಡಿದಾಗ ಕೆಳಗಿನ ಪೆಟ್ಟಿಗೆಯಿಂದ ಹೊಸ ತೋಟೆ ನಳಿಗೆಯೊಳಗೆ ಕುಳಿತುಕೊಳ್ಳುತ್ತದೆ. ಪೆಟ್ಟಿಗೆಯಲ್ಲಿ ಹತ್ತು ತೋಟೆಗಳು. ಅವನ್ನು ಒಂದೊಂದಾಗಿ ಅಲ್ಲ, ಐದೈದನ್ನು ಕಚ್ಚಿಹಿಡಿದ ತಗಡಿನ ಕ್ಲಿಪ್ಪಿನಿಂದ ಹೆಬ್ಬೆರಳಲ್ಲಿ ಒತ್ತಿ ತುಂಬಬೇಕು. ತೋಟೆಯ ಬುಡಕ್ಕೆ ಅಂಚು ಇರುವುದರಿಂದ ಒಂದರ ಅಂಚು ಇನ್ನೊಂದರ ಹಿಂದೆ ಸಿಕ್ಕಿಕೊಂಡರೆ ಕೋವಿ ಮಾತಾಡುವುದಿಲ್ಲ. “ಅಲ್ಲಿಗೆ ಆಳು ಮುಗಿದ ಹಾಗೆಯೇ” ಎನ್ನುತ್ತಿದ್ದರು ಹವಾಲ್ದಾರರು.

ಈ ಬೋಲ್ಟು ಮತ್ತು ಪೆಟ್ಟಿಗೆಯ ಏರ್ಪಾಡು ಜೇಮ್ಸ್ ಪ್ಯಾರಿಸ್ ಲೀ ಎಂಬವನ ಬುದ್ಧಿ. ಇಂಗ್ಲೆಂಡಿನ ಎನ್‌ಫೀಲ್ಡ್ ಎಂಬ ಊರಿನ ಸರಕಾರಿ ಕಾರ್ಖಾನೆಯ ಹೆಸರು ಅದಕ್ಕೆ ಸೇರಿ ಲೀ-ಎನ್‌ಫೀಲ್ಡ್ ಆಯಿತು. ನಳಿಗೆಯ ಒಳ ಅಳತೆ ಅಂಗುಲದ ಸಾವಿರದಲ್ಲಿ 303 ಭಾಗ, ಅದಕ್ಕೇ ತ್ರೀ-ನಾಟ್-ತ್ರೀ. 1907ರಲ್ಲಿ ಬಂದ ‘ಮಾರ್ಕ್ 3’ ಎಂಬ ಮಾದರಿಯೇ ನಮ್ಮ ಜನ ಹೆಚ್ಚಾಗಿ ಕಂಡದ್ದು. ಮೂರೂಮುಕ್ಕಾಲು ಅಡಿ ಉದ್ದ, ಸುಮಾರು ನಾಲ್ಕು ಕಿಲೋ ಭಾರ. ತುದಿಗೆ ಸಿಕ್ಕಿಸುವ ಬಾಯ್ನೆಟ್ಟಿನ ಅಲಗು 17 ಅಂಗುಲ. ಕಲ್ಕತ್ತೆಯ ಹತ್ತಿರ ಹೂಗ್ಲಿ ನದಿಯ ದಡದ ಈಶಾಪುರದಲ್ಲಿ ಇದೇ ಕೋವಿಯನ್ನು ನಮ್ಮ ದೇಶದಲ್ಲಿಯೇ ಮಾಡತೊಡಗಿದರು.

ನನ್ನ ಕುಪ್ಪಿಯ ಜಾಗ ಕೋವಿಯ ಹಿಂಬದಿಯ ಮರದ ಹಿಡಿಯೊಳಗೆ. ಹೆಗಲಿಗೆ ತಾಗುವ ಹಿತ್ತಾಳೆಯ ತಟ್ಟೆಯಲ್ಲಿ ಒಂದು ಪುಟ್ಟ ಬಾಗಿಲು. ತೆರೆದರೆ ಒಳಗೊಂದು ಬಿಲ. ಅದರಲ್ಲಿ ಎಣ್ಣೆಕುಪ್ಪಿ, ಅದರ ಜೊತೆಗೆ ಸುತ್ತಿಟ್ಟ ಒಂದು ಹುರಿ. ಹುರಿಯ ಒಂದು ತುದಿಗೆ ಹಿತ್ತಾಳೆಯ ಗುಂಡು, ಇನ್ನೊಂದು ತುದಿಗೆ ಬಟ್ಟೆ ಸಿಕ್ಕಿಸುವ ಕುಣಿಕೆ. ಗುಂಡನ್ನು ನಳಿಗೆಯ ಹಿಂಬದಿಯಿಂದ ಇಳಿಬಿಟ್ಟು ಬಾಯಿಯಿಂದ ಎಳೆದರೆ ಬಟ್ಟೆ ಒಳಗನ್ನೆಲ್ಲ ಒರೆಸಿಕೊಂಡು ಬರುತ್ತದೆ. ಬಟ್ಟೆಯ ಅಳತೆಯೂ ಸರಕಾರದ್ದೇ: ನಾಲ್ಕು ಅಂಗುಲ ಉದ್ದ, ಎರಡು ಅಂಗುಲ ಅಗಲದ ಫ್ಲಾನೆಲ್. ನಮ್ಮ ತಿರುಪ್ಪೂರಿನಲ್ಲಿ ಕತ್ತರಿಸಿ ಉಳಿದ ಬನಿಯನ್ ಬಟ್ಟೆಯ ತುಂಡುಗಳನ್ನು ಕಾರ್ಖಾನೆಗಳಿಗೆ ಒರೆಸುವ ‘ವೇಸ್ಟ್’ ಎಂದು ಮೂಟೆಗಟ್ಟಿ ಮಾರುತ್ತಾರಲ್ಲ, ಅದರ ಒಂದು ತುಂಡನ್ನು ಆರಿಸಿ ಹವಾಲ್ದಾರರು ಬೆರಳಲ್ಲಿ ಅಳೆದು ತೋರಿಸಿದರು. ಕೈಗೆ ಅಳತೆ ಮರೆತಿರಲಿಲ್ಲ.

ಆ ಕಾಲದ ತೋಟೆಯ ಸಿಡಿಮದ್ದು ಉಪ್ಪಿನಂಥ ಒಂದು ಮಡ್ಡಿಯನ್ನು ನಳಿಗೆಯಲ್ಲಿ ಬಿಡುತ್ತಿತ್ತು. ಎಣ್ಣೆಗೆ ಅದು ಹೋಗದು. ಕುದಿಯುವ ನೀರು ಹೊಯ್ದು ತೊಳೆದು ಒಣಗಿಸಿ, ಆಮೇಲೆ ಎಣ್ಣೆ ಹಾಕಬೇಕು. ಇಲ್ಲವಾದರೆ ಎರಡೇ ದಿನಕ್ಕೆ ತುಕ್ಕು. ಇದಕ್ಕೆಂದೇ ಕತ್ತು ಬಾಗಿಸಿದ ಒಂದು ತಗಡಿನ ಆಲಿಕೆ ಇರುತ್ತಿತ್ತು. ಅಂಥದೊಂದು ಆಲಿಕೆಯನ್ನು ಅವಿನಾಶಿಯ ಒಂದು ಮನೆಯಲ್ಲಿ ಸೀಮೆಎಣ್ಣೆ ತುಂಬಲು ಬಳಸುತ್ತಿದ್ದುದನ್ನು ಕಂಡು, ಹೊಸ ಆಲಿಕೆ ಕೊಟ್ಟು ಅದನ್ನು ತಂದೆ. ಐವತ್ತು ತೋಟೆ ಹಿಡಿಯುವ ಐದು ಜೇಬುಗಳ ಬಟ್ಟೆಯ ಪಟ್ಟಿಯೊಂದು ಪಲ್ಲಡಂ ಸಂತೆಯಲ್ಲಿ ಸಿಕ್ಕಿತು. ತರಕಾರಿ ಮಾರುವ ಅಜ್ಜಿ ಅದನ್ನು ಸೊಂಟಕ್ಕೆ ಕಟ್ಟಿಕೊಂಡು ಚಿಲ್ಲರೆ ತುಂಬಿಸುತ್ತಿದ್ದಳು. ಒಂದೊಂದು ಜೇಬಿಗೆ ಒಂದೊಂದು ನಾಣ್ಯ! ಅದನ್ನು ನಾನು ಕೇಳಲಿಲ್ಲ. ಅದು ತನ್ನ ಕೆಲಸ ಮಾಡುತ್ತಿತ್ತು.

ಕೋವಿಯೇ ಇಲ್ಲದ ಸಂಗ್ರಹ

ಓದುಗರು ಕೇಳಬಹುದು: ಹಾಗಾದರೆ ನಿಮ್ಮಲ್ಲಿ ಕೋವಿ ಎಷ್ಟಿದೆ? ಒಂದೂ ಇಲ್ಲ. ಇರುವಂತಿಲ್ಲ.

ಇಂಗ್ಲೆಂಡ್, ಅಮೆರಿಕದಂಥ ದೇಶಗಳಲ್ಲಿ ಹಳೆಯ ಸೈನ್ಯದ ಕೋವಿಗಳನ್ನು ಮನೆಯಲ್ಲಿ ಸಾಲಾಗಿ ನಿಲ್ಲಿಸಿಕೊಂಡು, ಬಾಯ್ನೆಟ್ಟು ಬೆಲ್ಟು ಎಲ್ಲವನ್ನೂ ಹೊಂದಿಸಿ, ವರ್ಷ ವರ್ಷದ ಮುದ್ರೆ ನೋಡಿ ಕೂಡಿಡುವವರು ಬಹಳ ಮಂದಿ. ನಮ್ಮ ದೇಶದ ಕಾನೂನಿನಲ್ಲಿ ತ್ರೀ-ನಾಟ್-ತ್ರೀ ಸಾಮಾನ್ಯ ಪ್ರಜೆಗೆ ನಿಷಿದ್ಧವಾದ ಅಳತೆ. ಸೈನ್ಯಕ್ಕೂ ಪೊಲೀಸಿಗೂ ಮಾತ್ರ ಮೀಸಲು. ಅದಕ್ಕಾಗಿಯೇ ಈಶಾಪುರದವರು ಪ್ರಜೆಗಳಿಗೆಂದು .315 ಅಳತೆಯ ಬೇರೆ ರೈಫಲ್ ಮಾಡಿದರು. ಬೋಲ್ಟು ಅದೇ, ಹತ್ತಿರದ ನೆಂಟ, ಆದರೆ ಸೈನ್ಯದ ತೋಟೆ ಅದರಲ್ಲಿ ಕೂರುವುದಿಲ್ಲ. ಅದಕ್ಕೂ ಲೈಸೆನ್ಸು ಬೇಕು. 2019ರ ತಿದ್ದುಪಡಿಯ ಮೇಲೆ ಒಬ್ಬನಿಗೆ ಎರಡಕ್ಕಿಂತ ಹೆಚ್ಚು ಕೋವಿ ಇಟ್ಟುಕೊಳ್ಳುವಂತಿಲ್ಲ. ಮೊದಲು ಮೂರು ಇತ್ತು. ಚುನಾವಣೆ ಬಂತೆಂದರೆ ಲೈಸೆನ್ಸಿನ ಕೋವಿಯನ್ನೂ ಠಾಣೆಗೆ ಒಪ್ಪಿಸಬೇಕಾಗುತ್ತದೆಂಬುದು ನಮ್ಮ ಕಡೆಯ ಕೃಷಿಕರಿಗೆ ಗೊತ್ತೇ ಇದೆ. ಬಾಯ್ನೆಟ್ಟು ಕೂಡ ಆಯುಧವೇ. ಉಕ್ಕಡದಲ್ಲಿ ಎರಡು ಸಲ ಒಳ್ಳೆಯ ಬಾಯ್ನೆಟ್ಟು ಕೈಗೆ ಬಂದು, ಎರಡು ಸಲವೂ ಇಟ್ಟು ಬಂದಿದ್ದೇನೆ. ಜೀವವಿರುವ ತೋಟೆಯನ್ನಂತೂ ಮುಟ್ಟಲೇಬಾರದು. ಅದು ಠಾಣೆಗೆ ಸೇರಬೇಕಾದ ವಸ್ತು.

ನಮ್ಮ ಸೀಮೆಯ ಮಟ್ಟಿಗೆ ಈ ಕಟ್ಟುಪಾಡು ಇಂದು ನಿನ್ನೆಯದಲ್ಲ. 1799ರವರೆಗೆ ಮೈಸೂರಿನ ಆಳ್ವಿಕೆಯಲ್ಲಿದ್ದ ಕೊಯಮತ್ತೂರು ಸೀಮೆ ಕಂಪೆನಿಯ ಕೈಸೇರಿದ ಎರಡೇ ವರ್ಷಕ್ಕೆ, 1801ರ ಡಿಸೆಂಬರಿನಲ್ಲಿ, ಪಾಳೆಯಗಾರರ ಕೋಟೆಗಳನ್ನು ಕೆಡವಿ ಜನರ ಆಯುಧ ಕಿತ್ತುಕೊಳ್ಳುವ ಘೋಷಣೆ ಮದ್ರಾಸಿನಿಂದ ಹೊರಟಿತು. 1878ರಲ್ಲಿ ಇಡೀ ದೇಶಕ್ಕೇ ಆಯುಧ ಕಾನೂನು ಬಂತು. ಇದಕ್ಕೆ ನಮ್ಮ ನೆರೆಯ ಕೊಡಗು ಮಾತ್ರ ಹೊರತು. 1861ರಿಂದ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನ ವಿನಾಯಿತಿ ನಡೆದುಬಂದಿದೆ. 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿದ್ದಾರೆ. ಕೈಲ್ ಪೊಳ್ದ್ ಹಬ್ಬಕ್ಕೆ ಅವರು ಕೋವಿಯ ಮೇಲಿಡುವ ‘ತೋಕ್ ಪೂ’ ಎಂಬ ಕೆಂಪು-ಹಳದಿ ಹೂವನ್ನು ನೀವು ನೋಡಿರಬಹುದು. ಅದೇ ಬಳ್ಳಿಯನ್ನು ತಿರುಪ್ಪೂರು ಜಿಲ್ಲೆಯ ಮೂಲನೂರು, ಧಾರಾಪುರದ ಕಡೆ ಹೊಲ ಹೊಲಗಳಲ್ಲಿ ಬೀಜಕ್ಕಾಗಿ, ಮದ್ದಿನ ಕಂಪೆನಿಗಳಿಗೆಂದು, ಬೆಳೆಯುತ್ತಾರೆ. ಇಲ್ಲಿ ಹೂವಿದೆ, ಕೋವಿಯಿಲ್ಲ.

ಆದ್ದರಿಂದ ಕೋವಿ ನೋಡಬೇಕೆನಿಸಿದಾಗ ನಾನು ಕೊಯಮತ್ತೂರಿನ ಪೊಲೀಸ್ ವಸ್ತುಸಂಗ್ರಹಾಲಯಕ್ಕೆ ಹೋಗುತ್ತೇನೆ. 1918ರಲ್ಲಿ ಹ್ಯಾಮಿಲ್ಟನ್ ಎಂಬ ಪೊಲೀಸ್ ಸೂಪರಿಂಟೆಂಡೆಂಟರ ಕಾಲದಲ್ಲಿ ಪೊಲೀಸರಿಗಾಗಿ ಕಟ್ಟಿದ ಕ್ಲಬ್ಬು ಪಾಳುಬಿದ್ದಿತ್ತು. ಅದನ್ನು ಸರಿಪಡಿಸಿ 2018ರಲ್ಲಿ ವಸ್ತುಸಂಗ್ರಹಾಲಯ ಮಾಡಿದರು. ಕೋವಿ ಸರಕಾರದ್ದು, ಗಾಜಿನೊಳಗೆ ಇದೆ. ನನ್ನ ಪಾಲಿಗೆ ಬಂದದ್ದು ಕುಪ್ಪಿ, ಹುರಿ, ಪಟ್ಟಿ, ಕ್ಲಿಪ್ಪು, ಆಲಿಕೆ, ಬೋಲ್ಟಿಗೆ ಮಣ್ಣು ಕೂರದಂತೆ ಕಟ್ಟುವ ಕ್ಯಾನ್ವಾಸಿನ ಮುಸುಕು.

ಮುದ್ರೆಗಳು ಹೇಳುವ ಕಥೆ

ಈ ಕೋವಿಯನ್ನು ಶಾಸನದಂತೆ ಓದಬಹುದು. ಹಿಡಿಯ ಹತ್ತಿರದ ಲೋಹದ ಪಟ್ಟಿಯಲ್ಲಿ ಒಂದು ಕಿರೀಟ, ಅದರ ಕೆಳಗೆ ಜಿ.ಆರ್.ಐ. ಎಂಬ ಮೂರಕ್ಷರ, ಈಶಾಪುರದ ಹೆಸರು, ವರ್ಷ. ಮೂರಕ್ಷರದ ಅರ್ಥ ‘ಜಾರ್ಜ್, ರಾಜ ಮತ್ತು ಚಕ್ರವರ್ತಿ’. ಇಂಗ್ಲೆಂಡಿನಲ್ಲಿ ಮಾಡಿದ ಕೋವಿಯಲ್ಲಿ ‘ಐ’ ಅಕ್ಷರವಿಲ್ಲ. ಅಲ್ಲಿ ಅವನು ಬರೀ ರಾಜ, ಇಲ್ಲಿ ಮಾತ್ರ ಚಕ್ರವರ್ತಿ. ಸ್ವಾತಂತ್ರ್ಯದ ಮೇಲೆ ಅದೇ ಕಾರ್ಖಾನೆಯಿಂದ ಅದೇ ಕೋವಿ ಹೊರಬಂದಾಗ ಕಿರೀಟ ಹೋಗಿ ಅಶೋಕನ ಸಿಂಹಗಳು ಬಂದು ಕುಳಿತವು. 1962ರ ಚೀನಾ ಯುದ್ಧದಲ್ಲಿ ನಮ್ಮ ಜವಾನರು ಹಿಡಿದದ್ದು ಇದನ್ನೇ. ಆಮೇಲೆ ಸೈನ್ಯ ಇದನ್ನು ಬಿಟ್ಟಿತು, ಪೊಲೀಸು ಹಿಡಿದುಕೊಂಡಿತು. 2008ರ ನವೆಂಬರಿನಲ್ಲಿ ಮುಂಬಯಿಯ ರೈಲು ನಿಲ್ದಾಣದಲ್ಲಿ ಭಯೋತ್ಪಾದಕರ ಸ್ವಯಂಚಾಲಿತ ಬಂದೂಕುಗಳ ಎದುರು ಪೊಲೀಸರ ಕೈಯಲ್ಲಿದ್ದುದೂ ಇದೇ. ಉತ್ತರ ಪ್ರದೇಶದ ಪೊಲೀಸರು ಇದಕ್ಕೆ ವಿದಾಯ ಹೇಳಿದ್ದು 2020ರ ಗಣರಾಜ್ಯೋತ್ಸವದಂದು.

ಇದೇ ಕೋವಿಗೆ ಒಂದು ಕುಂಟ ತಮ್ಮನೂ ಉಂಟು. 1857ರ ದಂಗೆಗೆ ಎನ್‌ಫೀಲ್ಡಿನ ಹಳೆಯ ಮಾದರಿಯ ತೋಟೆಗೆ ಸವರಿದ ಕೊಬ್ಬು ನೆಪವಾಯಿತಷ್ಟೆ? ಆಮೇಲೆ ಇಂಗ್ಲಿಷರು ಭಾರತೀಯನ ಕೈಗೆ ಕೊಡುವ ಕೋವಿ ತಮ್ಮದಕ್ಕಿಂತ ಒಂದು ಮೆಟ್ಟಿಲು ಕೆಳಗಿರಬೇಕೆಂದು ನೋಡಿಕೊಂಡರು. ಆ ಬುದ್ಧಿಯ ಕೊನೆಯ ಕುಡಿ .410 ಎಂಬ ‘ಮಸ್ಕೆಟ್’. ತ್ರೀ-ನಾಟ್-ತ್ರೀಯ ನಳಿಗೆಯೊಳಗಿನ ಸುರುಳಿಗೆರೆಗಳನ್ನು ಕೊರೆದು ನುಣ್ಣಗೆ ಮಾಡಿ, ಹತ್ತು ತೋಟೆಯ ಪೆಟ್ಟಿಗೆಯನ್ನು ನಿರುಪಯೋಗಿ ಮಾಡಿ, ಒಂದು ಸಲಕ್ಕೆ ಒಂದೇ ಗುಂಡು ಹಾರುವಂತೆ ಮಾಡಿದ ಕೋವಿ. ಪೊಲೀಸರಿಗೂ ಜೈಲಿನ ಕಾವಲಿಗೂ ಇದು. ಹೊರಗಿನಿಂದ ನೋಡಿದರೆ ಅಣ್ಣನ ಹಾಗೆಯೇ, ಒಳಗೆ ಅಪನಂಬಿಕೆ.

ಆ ಅಪನಂಬಿಕೆ ಸುಳ್ಳೂ ಆಗಿರಲಿಲ್ಲ. 1942ರ ಆಗಸ್ಟಿನಲ್ಲಿ ಕೊಯಮತ್ತೂರಿನ ಬಳಿ ಸೂಲೂರಿನ ಯುದ್ಧ ವಿಮಾನ ನಿಲ್ದಾಣಕ್ಕೆ ಹಳ್ಳಿಗರು ಬೆಂಕಿ ಹಚ್ಚಿದರು. ಅದೇ ವರ್ಷಗಳಲ್ಲಿ ಅಲ್ಲಿಂದ ಕೆಲವೇ ಮೈಲಿ ದೂರದ ಮದುಕ್ಕರೆಯಲ್ಲಿ ಅದೇ ಹಳ್ಳಿಗರ ಅಣ್ಣತಮ್ಮಂದಿರು ಕೋವಿ ಹಿಡಿಯಲು ಕಲಿಯುತ್ತಿದ್ದರು.

ಮದುಕ್ಕರೆ

ಪಾಲಕ್ಕಾಡಿನಿಂದ ಕೊಯಮತ್ತೂರಿಗೆ ಬರುವಾಗ ಮದುಕ್ಕರೆ ಸಿಕ್ಕುತ್ತದೆ. ಸಿಮೆಂಟು ಕಾರ್ಖಾನೆಯ ಊರು ಎಂದು ಎಲ್ಲರಿಗೂ ಗೊತ್ತು. ಮದ್ರಾಸ್ ರೆಜಿಮೆಂಟಿನ ತರಬೇತಿ ಕೇಂದ್ರ ಎರಡನೆಯ ಮಹಾಯುದ್ಧದ ಕಾಲದಲ್ಲಿ ಇಲ್ಲಿತ್ತೆಂಬುದು ಬಹಳ ಮಂದಿಗೆ ಗೊತ್ತಿಲ್ಲ. 1947ರಲ್ಲಿ ಅದು ನೀಲಗಿರಿಯ ವೆಲ್ಲಿಂಗ್ಟನ್ನಿಗೆ ಹೋಯಿತು.

ಈ ಕೇಂದ್ರ ಬಂದದ್ದಕ್ಕೂ ಒಂದು ಕಥೆಯಿದೆ. ಕಂಪೆನಿಗೆ ದಕ್ಷಿಣವನ್ನು ಗೆದ್ದುಕೊಟ್ಟದ್ದು ಮದ್ರಾಸಿನ ಸಿಪಾಯಿಗಳು. ಆದರೆ ಹತ್ತೊಂಬತ್ತನೆಯ ಶತಮಾನದ ಕೊನೆಗೆ ಇಂಗ್ಲಿಷರು ‘ವೀರ ಜಾತಿ’ಗಳ ಪಟ್ಟಿ ಮಾಡಿ, ಉತ್ತರದವರನ್ನು ಅದರಲ್ಲಿ ಸೇರಿಸಿ, ನಮ್ಮವರನ್ನು ಹೊರಗಿಟ್ಟರು. ಕರ್ನಾಟಿಕ್ ಎಂಬ ಹೆಸರಿದ್ದ ಪದಾತಿ ದಳಗಳು ಸೇರಿದಂತೆ ಮದ್ರಾಸಿನ ಪಡೆಗಳು ಒಂದೊಂದಾಗಿ ವಿಸರ್ಜನೆಯಾಗಿ 1930ರ ದಶಕದ ಹೊತ್ತಿಗೆ, ಬೆಂಗಳೂರಿನ ಸ್ಯಾಪರುಗಳ ಹೊರತು, ಹೆಚ್ಚೇನೂ ಉಳಿಯಲಿಲ್ಲ. ಮತ್ತೆ ಯುದ್ಧ ಬಂದು ಆಳು ಸಾಲದಾದಾಗ ಪಟ್ಟಿ ಮರೆತುಹೋಯಿತು. ಮದ್ರಾಸ್ ರೆಜಿಮೆಂಟನ್ನು ಮತ್ತೆ ಕಟ್ಟಿದರು. ಮಲಬಾರಿನಿಂದ, ತಮಿಳು ಜಿಲ್ಲೆಗಳಿಂದ, ಆಂಧ್ರದಿಂದ, ಕನ್ನಡ ಸೀಮೆಯಿಂದ ಬಂದ ಹುಡುಗರು ಒಂದೇ ಬ್ಯಾರಕಿನಲ್ಲಿ ಮಲಗಿ ಒಂದೇ ಕೋವಿಯ ಚಿಲಕ ಎಳೆಯಲು ಕಲಿತರು. ಅವರಲ್ಲಿ ಹಲವರು ಬರ್ಮಾದ ಕಾಡು ಸೇರಿದರು.

ಆಗಿನ ಕೊಯಮತ್ತೂರು ಜಿಲ್ಲೆ ಎಂದರೆ ಕೊಳ್ಳೇಗಾಲವನ್ನೂ ಒಳಗೊಂಡ ಜಿಲ್ಲೆ. 1956ರ ನವೆಂಬರ್ 1ರಂದು ಕೊಳ್ಳೇಗಾಲ ಮೈಸೂರಿಗೆ ಸೇರಿತು. ಅದೇ ದಿನ ನಮ್ಮ ಕಾಸರಗೋಡು ಕೇರಳಕ್ಕೆ ಸೇರಿತು. ಅವರು ಹೋದದ್ದು ಕನ್ನಡದ ಕಡೆಗೆ, ನಾವು ಹೋದದ್ದು ಈ ಕಡೆಗೆ. ತಾಳವಾಡಿಯ ಕನ್ನಡಿಗರು ಅಲ್ಲಿಯೇ ಉಳಿದರು. ಒಂದೇ ದಿನದ ಗೆರೆಯಿಂದ ಸೈನಿಕರ ದಾಖಲೆಯ ಊರೂ ಜಿಲ್ಲೆಯೂ ಬದಲಾದವು. ಮದ್ರಾಸ್ ಪ್ರಾಂತದ ಸಿಪಾಯಿ ಎಂದು ಬರೆಸಿಕೊಂಡವನು ಯಾವ ರಾಜ್ಯದ ಇತಿಹಾಸದಲ್ಲಿ ಬರಬೇಕು? ಯಾರದ್ದರಲ್ಲೂ ಬರಲಿಲ್ಲ.

ಉಜ್ಜಿ ಕಳೆದದ್ದು

ಈಗ ನನ್ನ ತಪ್ಪಿನ ವಿಷಯ.

1996ರ ಸುಮಾರಿಗೆ ಉಕ್ಕಡದ ಅದೇ ಅಂಗಡಿಯಲ್ಲಿ ಇನ್ನೊಂದು ಎಣ್ಣೆಕುಪ್ಪಿ, ಅದರ ಜೊತೆಗೆ ಹತ್ತಿಯ ನೇಯ್ಗೆಯ ಒಂದು ಹೆಗಲಪಟ್ಟಿ ಸಿಕ್ಕಿದವು. ಕುಪ್ಪಿಯ ಮೇಲೆ ಕಪ್ಪು ಕಿಲುಬು, ಕುಂಕುಮದ ಜಿಡ್ಡು, ಅಲ್ಲಲ್ಲಿ ಸೂಜಿಯಿಂದ ಗೀಚಿದಂಥ ಗೆರೆ. ಹಿತ್ತಾಳೆಯನ್ನು ಹೊಳೆಯಿಸದೆ ಇಡುವುದುಂಟೆ? ಮನೆಗೆ ತಂದು ಹುಳಿ, ಬೂದಿ ಹಾಕಿ ಉಜ್ಜಿದೆ. ಗೆರೆ ಹೋಗಲಿಲ್ಲವೆಂದು ಮಣ್ಣಿನ ಹುಡಿ ಹಾಕಿ ಮತ್ತೆ ಉಜ್ಜಿದೆ. ಸಂಜೆಯ ಹೊತ್ತಿಗೆ ಹೊಸ ತಂಬಿಗೆಯ ಹಾಗೆ ಹೊಳೆಯಿತು. ತಳದಲ್ಲಿದ್ದ ಬಾಣದ ಗುರುತು, ಅದರ ಕೆಳಗೆ ಭಾರತದ ‘ಐ’ ಅಕ್ಷರ, ಇವು ಅಚ್ಚೊತ್ತಿದವಾದ್ದರಿಂದ ಉಳಿದವು. ಗೀಚಿದ್ದು ಉಳಿಯಲಿಲ್ಲ. ನಾನು ಸಂತೋಷಪಟ್ಟೆ.

ಒಂದೆರಡು ತಿಂಗಳು ಕಳೆದು ಮತ್ತೆ ಹೋದಾಗ ಅಂಗಡಿಯವನು ಹೇಳಿದ: ಒಬ್ಬ ಮುದುಕರು ಪ್ರತಿ ಆದಿತ್ಯವಾರ ಬಂದು ಆ ಕುಪ್ಪಿಯನ್ನು ಕೇಳುತ್ತಾರೆ, ನಿಮ್ಮವರೇ, ಕನ್ನಡದವರು. ವಿಳಾಸ ತೆಗೆದುಕೊಂಡು ಹೋದೆ. ದೇವಾಂಗರ ಮನೆ. ಕೊಯಮತ್ತೂರು ತಿರುಪ್ಪೂರುಗಳ ದೇವಾಂಗರ ವಿಷಯ ನಮ್ಮ ಕಡೆಯವರಿಗೆ ಹೆಚ್ಚು ಗೊತ್ತಿಲ್ಲ. ತಲೆತಲಾಂತರದಿಂದ ಇಲ್ಲಿ ನೇಯ್ಗೆ ಮಾಡಿಕೊಂಡಿರುವ ಜನ. ಮನೆಯೊಳಗೆ ಕನ್ನಡ, ಬೀದಿಯಲ್ಲಿ ತಮಿಳು. ಅವರ ಕುಲದೇವತೆ ಚೌಡೇಶ್ವರಿ. ಕೊಯಮತ್ತೂರಿನ ರಾಜವೀದಿಯ ದೇವಸ್ಥಾನದಲ್ಲಿ ವಿಜಯದಶಮಿಯಂದು ಯುವಕರು ಕತ್ತಿಯಿಂದ ಎದೆಗೆ ತೋಳಿಗೆ ಹೊಡೆದುಕೊಳ್ಳುತ್ತ ತಾಯಿಯನ್ನು ಕರೆತರುವುದನ್ನು ನೋಡಿದವರು ಮರೆಯುವುದಿಲ್ಲ. ಮನೆಗೊಂದು ಕತ್ತಿ, ಅದಕ್ಕೆ ವರ್ಷಕ್ಕೊಮ್ಮೆ ಪೂಜೆ.

ಮುದುಕರ ತಂದೆ ಮಗ್ಗ ಬಿಟ್ಟು ಮದುಕ್ಕರೆಗೆ ಹೋಗಿ ಸೈನ್ಯ ಸೇರಿದವರು. ಯುದ್ಧಕಾಲದಲ್ಲಿ ನೂಲು ಸಿಕ್ಕದೆ ಮಗ್ಗ ನಿಂತಿತ್ತು. ಮನೆಯಲ್ಲಿ ಏಳು ಜನ. ಬರ್ಮಾಕ್ಕೆ ಹೋಗಿ ಜೀವಸಹಿತ ಹಿಂದೆ ಬಂದರು, ಆದರೆ ಮಲೇರಿಯಾ ಬಿಡಲಿಲ್ಲ, ಬೇಗನೆ ತೀರಿಹೋದರು. ಕುಪ್ಪಿಯೂ ಪಟ್ಟಿಯೂ ಅವರ ಜೊತೆಗೆ ಹೇಗೆ ಬಂದವೋ, ಸರಕಾರಕ್ಕೆ ಒಪ್ಪಿಸಬೇಕಾದದ್ದು. ಆಯುಧ ಪೂಜೆಯ ದಿನ ಮನೆಯ ಕತ್ತಿಯ ಪಕ್ಕದಲ್ಲಿ ಅವನ್ನೂ ಇಟ್ಟು ಕುಂಕುಮ ಹಚ್ಚುತ್ತಿದ್ದರು. ಮನೆ ಕೆಡವಿ ಕಟ್ಟುವಾಗ ಮೊಮ್ಮಕ್ಕಳು ಹಳೆಯ ಪಾತ್ರೆಗಳೊಂದಿಗೆ ತೂಕಕ್ಕೆ ಹಾಕಿದ್ದರು.

ನಾನು ಕುಪ್ಪಿಯನ್ನು ತೆಗೆದು ಅವರ ಕೈಗೆ ಕೊಟ್ಟೆ. ಅವರು ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. “ಇದಲ್ಲ” ಎಂದರು. ಮತ್ತೆ ತಳದ ಮುದ್ರೆಯನ್ನೂ ಮುಚ್ಚಳದ ತಗ್ಗನ್ನೂ ಬೆರಳಾಡಿಸಿ ನೋಡಿ, “ಇದೇ. ಆದರೆ ಇಲ್ಲಿ ನಮ್ಮಪ್ಪನ ಹೆಸರಿತ್ತಲ್ಲಪ್ಪಾ” ಎಂದರು.

ನನಗೆ ನೆಲ ಕುಸಿದಂತಾಯಿತು. ನಾನು ಉಜ್ಜಿದ್ದು ಎಂದೆ. ಅವರು ಬೈಯಲಿಲ್ಲ. ಒಂದು ಲೋಟ ಮಜ್ಜಿಗೆ ತರಿಸಿ ಕೊಟ್ಟರು. ಹೆಸರನ್ನು ಕನ್ನಡದಲ್ಲಿ ಬರೆದಿತ್ತೇ ಎಂದು ಕೇಳಿದೆ. ಯಾಕೆ ಕೇಳಿದೆನೋ! “ನಮಗೆ ಕನ್ನಡದ ಅಕ್ಷರ ಎಲ್ಲಿಂದ ಬರಬೇಕು? ತಮಿಳಕ್ಷರದಲ್ಲೇ ಬರೆದಿದ್ದರು. ಮಾತು ಮಾತ್ರ ನಮ್ಮದು” ಎಂದರು.

ಕುಪ್ಪಿ, ಪಟ್ಟಿ ಎರಡನ್ನೂ ಅಲ್ಲಿಯೇ ಬಿಟ್ಟುಬಂದೆ. ಹಣ ಕೊಡಲು ಬಂದರು, ತೆಗೆದುಕೊಳ್ಳಲಿಲ್ಲ. ಹೊರಡುವಾಗ ಅವರ ತಂದೆಯ ಹೆಸರು, ಊರು, ಸೇರಿದ ವರ್ಷ ಕೇಳಿ ನನ್ನ ಲೆಕ್ಕದ ಪುಸ್ತಕದ ಹಿಂಬದಿಯಲ್ಲಿ ಬರೆದುಕೊಂಡೆ, ಕನ್ನಡದಲ್ಲಿ. ಮನೆಯವರ ಅಪೇಕ್ಷೆಯಂತೆ ಆ ಹೆಸರನ್ನು ಇಲ್ಲಿ ಅಚ್ಚು ಹಾಕಿಸುತ್ತಿಲ್ಲ. ನನ್ನ ಪುಸ್ತಕದಲ್ಲಿದೆ.

ನಂಬರು ಮತ್ತು ಹೆಸರು

ಆ ದಿನದಿಂದ ಒಂದು ವಿಷಯ ನನ್ನನ್ನು ಕಾಡಿದೆ. ತ್ರೀ-ನಾಟ್-ತ್ರೀಯಲ್ಲಿ ನಂಬರು ಎಷ್ಟು ಕಡೆ ಇದೆ ಗೊತ್ತೇ? ಮೈಯ ಮೇಲೆ ಇದೆ, ನಳಿಗೆಯ ಮೇಲೆ ಇದೆ, ಬೋಲ್ಟಿನ ಹಿಡಿಯ ಮೇಲೆ ಇದೆ, ಮೂತಿಯ ಮೇಲೆ ಇದೆ. ನಾಲ್ಕೂ ಒಂದೇ ನಂಬರು ಆಗಿರಬೇಕು. ಒಂದರ ಬೋಲ್ಟು ಇನ್ನೊಂದಕ್ಕೆ ಸೇರಬಾರದು. ಮೊದಲಿನ ಕೋವಿಗಳ ಹಿಡಿಯ ಪಕ್ಕದಲ್ಲಿ ಒಂದು ಹಿತ್ತಾಳೆಯ ಬಿಲ್ಲೆಯಿತ್ತು, ಅದರಲ್ಲಿ ಪಡೆಯ ಗುರುತು. ಸರಕಾರಕ್ಕೆ ಕೋವಿ ಕಳೆದುಹೋಗಬಾರದು. ಹಿಡಿದವನ ಹೆಸರಿಗೆ ಮಾತ್ರ ಎಲ್ಲೂ ಜಾಗವಿಲ್ಲ. ಅವನಾಗಿ ಸೂಜಿಯಿಂದ ಗೀಚಿಕೊಂಡರೆ ಉಂಟು.

ನಮ್ಮ ನಾಡಿನ ವೀರಗಲ್ಲುಗಳನ್ನು ನೋಡಿ. ಕೊಂಗುನಾಡಿನಲ್ಲೂ ಅವು ಇವೆ, ನಮ್ಮಲ್ಲೂ ಇವೆ. ದನ ಬಿಡಿಸಲು ಹೋಗಿ ಸತ್ತ ಸಾಮಾನ್ಯನಿಗೂ ಒಂದು ಕಲ್ಲು. ಬರಹವಿರುವ ಕಲ್ಲಾದರೆ ಅವನ ಹೆಸರು, ಊರು, ಯಾತಕ್ಕಾಗಿ ಸತ್ತ ಎಂಬುದು. ಕತ್ತಿ ಯಾವ ಕಮ್ಮಾರ ಮಾಡಿದ್ದು ಎಂದು ಯಾರೂ ಕೆತ್ತಿಸಲಿಲ್ಲ. ಸಾವಿರ ವರ್ಷದ ಹಿಂದೆ ಹಳ್ಳಿಯವರಿಗೆ ಇದ್ದ ತಿಳಿವಳಿಕೆ ದೊಡ್ಡ ಸಾಮ್ರಾಜ್ಯಕ್ಕೆ ಇರಲಿಲ್ಲ. ಮೊದಲ ಮಹಾಯುದ್ಧದಲ್ಲಿ ಮೆಸೊಪೊಟೇಮಿಯಾದಲ್ಲಿ ಸತ್ತವರಿಗೆ ಬಸ್ರಾದಲ್ಲಿ ಒಂದು ಸ್ಮಾರಕ ಕಟ್ಟಿದರು. ಅದರಲ್ಲಿ ಬ್ರಿಟಿಷರ ಹೆಸರುಗಳು ಒಂದೊಂದಾಗಿ ಇವೆ, ಭಾರತೀಯ ಅಧಿಕಾರಿಗಳ ಹೆಸರೂ ಇದೆ. ಸಾಮಾನ್ಯ ಭಾರತೀಯ ಸಿಪಾಯಿಗಳದ್ದು ಮಾತ್ರ ಪಡೆಯ ಹೆಸರು, ಪಕ್ಕದಲ್ಲಿ ಸತ್ತವರ ಸಂಖ್ಯೆ. ಸ್ಮಾರಕಗಳನ್ನು ನೋಡಿಕೊಳ್ಳುವ ಕಾಮನ್‌ವೆಲ್ತ್ ಯುದ್ಧ ಸಮಾಧಿಗಳ ಆಯೋಗವೇ 2021ರಲ್ಲಿ ವರದಿ ಹೊರಡಿಸಿ ಕ್ಷಮೆ ಕೇಳಿತು: ಏಷ್ಯಾ, ಆಫ್ರಿಕಾಗಳ ಕನಿಷ್ಠ 1,16,000 ಮಂದಿಯನ್ನು, ಬಹುಶಃ ಅದಕ್ಕಿಂತ ಎಷ್ಟೋ ಹೆಚ್ಚು ಮಂದಿಯನ್ನು, ಹೆಸರು ಹೇಳಿ ಸ್ಮರಿಸಲಿಲ್ಲವೆಂದು.

ಕ್ಷಮೆ ಕೇಳಲು ಅವರಿಗೆ ನೂರು ವರ್ಷ ಬೇಕಾಯಿತು. ಆದರೆ ನಾನು ಉಜ್ಜಿ ಕಳೆದ ಹೆಸರಿಗೆ ಯಾವ ಸಾಮ್ರಾಜ್ಯವನ್ನು ದೂರಲಿ?

ಇನ್ನೂ ಒಂದು ಮಾತು ಹೇಳಬೇಕು. ನನ್ನ ಸ್ವಂತ ಸೋದರಮಾವ ಮಲಬಾರ್ ಸ್ಪೆಶಲ್ ಪೊಲೀಸಿನಲ್ಲಿ, ನಾವೆಲ್ಲ ಎಂ.ಎಸ್.ಪಿ. ಎನ್ನುತ್ತಿದ್ದ ಪಡೆಯಲ್ಲಿ, ಇದ್ದವರು. ಕಯ್ಯೂರಿನ ಕಥೆಯನ್ನು ನಿರಂಜನರ ‘ಚಿರಸ್ಮರಣೆ’ಯಲ್ಲಿ ಓದಿ ಬೆಳೆದ ನಮಗೆ ಅವರ ಖಾಕಿಯ ಬಗ್ಗೆ ಹೆಮ್ಮೆ ಪಡಬೇಕೋ ನಾಚಬೇಕೋ ತಿಳಿಯುತ್ತಿರಲಿಲ್ಲ. ಮಾವ ಯಾವ ಕಾಲದಲ್ಲಿ, ಯಾರ ಕಡೆಗೆ ಕೋವಿ ಹಿಡಿದಿದ್ದರೆಂದು ಕೇಳುವ ಧೈರ್ಯ ನಮಗೆ ಬರಲಿಲ್ಲ, ಅವರೂ ಹೇಳಲಿಲ್ಲ. ಅವರು ತೀರಿಹೋದಾಗ ಅವರ ಕಬ್ಬಿಣದ ಪೆಟ್ಟಿಗೆಯಲ್ಲಿದ್ದುದನ್ನೆಲ್ಲ ಯಾರೋ ಸುಟ್ಟರು, ಯಾರೋ ಹಂಚಿಕೊಂಡರು. ಪರರ ಮನೆಯ ಎಣ್ಣೆಕುಪ್ಪಿಗಳನ್ನು ಜೋಪಾನವಾಗಿ ಜೋಡಿಸಿಟ್ಟ ನನ್ನಲ್ಲಿ ಮಾವನ ಒಂದು ಗುಂಡಿಯೂ ಇಲ್ಲ.

ಹಾಗಾಗಿ ಗಡಿನಾಡಿನ ಬಂಧುಗಳಲ್ಲಿ ನನ್ನದೊಂದು ಬಿನ್ನಹ. ನಿಮ್ಮ ಅಟ್ಟದಲ್ಲಿ, ಪತ್ತಾಯದ ಮೂಲೆಯಲ್ಲಿ, ಹಿರಿಯರ ಟ್ರಂಕಿನಲ್ಲಿ ಇಂಥ ಹಿತ್ತಾಳೆಯ ಕುಪ್ಪಿಯೋ, ಹುರಿಯೋ, ಪಟ್ಟಿಯೋ, ಬಿಲ್ಲೆಯೋ ಇದ್ದರೆ ದಯವಿಟ್ಟು ಉಜ್ಜಬೇಡಿ. ಒಣ ಬಟ್ಟೆಯಲ್ಲಿ ಧೂಳು ಒರೆಸಿದರೆ ಸಾಕು. ಗೆರೆಯಿದ್ದರೆ ಓರೆ ಬೆಳಕಿನಲ್ಲಿ ಹಿಡಿದು ನೋಡಿ. ಅದು ಕನ್ನಡವೋ ಮಲಯಾಳವೋ ತಮಿಳೋ ಆಗಿರಬಹುದು. ಓದಲು ಬಾರದಿದ್ದರೆ ನೆರೆಮನೆಯವರಿಗೆ ತೋರಿಸಿ. ಒಂದು ಚೀಟಿಯಲ್ಲಿ ಆ ಹಿರಿಯರ ಹೆಸರು, ಊರು, ಸೇರಿದ ಪಡೆ, ಹೋದ ಜಾಗ, ತಿಳಿದಷ್ಟನ್ನು ಎರಡೂ ಲಿಪಿಯಲ್ಲಿ ಬರೆದು ಅದರ ಜೊತೆಗಿಡಿ. ಮೊಮ್ಮಕ್ಕಳಿಗೆ ಯಾವ ಲಿಪಿ ಬರುತ್ತದೋ ಈಗ ಹೇಳಲಾಗದು.

ನಾನೂ ಮಾವನ ಹೆಸರಿನಲ್ಲಿ ಒಂದು ಚೀಟಿ ಬರೆದಿದ್ದೇನೆ. ಹೆಸರು ಇದೆ, ಊರು ಇದೆ. ಅವರ ಪೊಲೀಸ್ ನಂಬರು ನನಗೆ ತಿಳಿಯದು. ಆ ಜಾಗವನ್ನು ಖಾಲಿ ಬಿಟ್ಟಿದ್ದೇನೆ.